ಮನೆ ಇದೆ, ಕೈಯಲ್ಲಿ ಕಾಸಿಲ್ಲ: ವೃತ್ತಿ ಬದಲಿಸುವುದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. 16 ವರ್ಷದಿಂದ ಅಕೌಂಟ್ಸ್ ಕೆಲಸ ಮಾಡುತ್ತಿದ್ದೇನೆ. ಕಚೇರಿಯಲ್ಲಿ ಯಾರೂ ಕೆಟ್ಟವರಲ್ಲ, ಸಂಬಳ ಸರಿಯಾಗಿ ಬರುತ್ತದೆ. ಆದರೆ ಮನಸ್ಸು ಅಲ್ಲಿಲ್ಲ. ಮೂರು ವರ್ಷದಿಂದ ಪ್ರತಿ ಶನಿವಾರ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಓದಲು ಸಹಾಯ ಮಾಡುತ್ತಿದ್ದೇನೆ. ಆ ಒಂದು ದಿನಕ್ಕಾಗಿ ಉಳಿದ ದಿನ ಕಾಯುತ್ತೇನೆ. ವಿಶೇಷ ಶಿಕ್ಷಕಿ ಆಗಬೇಕು ಅಂತ ಆಸೆ, ಅದಕ್ಕೆ 2 ವರ್ಷದ ಪೂರ್ಣಾವಧಿ ಕೋರ್ಸ್ ಮಾಡಬೇಕು. ಸ್ವಂತ ಮನೆ ಇದೆ, 20 ವರ್ಷದ ಸಾಲದಲ್ಲಿ 5 ವರ್ಷ ತೀರಿದೆ. ಉಳಿತಾಯ ಅಂದರೆ ಮೂರು ತಿಂಗಳ ಖರ್ಚಿಗೆ ಆಗುವಷ್ಟು. ಮನೆಯ ಬೆಲೆ ಏರಿದೆಯಂತೆ, ಅದರ ಮೇಲೆ ಇನ್ನೊಂದು ಸಾಲ ತೆಗೆದು ಓದಿಬಿಡಲಾ? ಪತಿ ಒಪ್ಪಿದ್ದಾರೆ, ಆದರೆ ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೂರು ವರ್ಷ ಬಿಡದೆ ಪ್ರತಿ ಶನಿವಾರ ಹೋಗಿದ್ದೀರಿ ಅಂದರೆ ಇದು ಒಂದು ದಿನದ ಬೇಸರದಿಂದ ಹುಟ್ಟಿದ ಆಸೆ ಅಲ್ಲ. ಹಾಗಾಗಿ "ಇರೋ ಕೆಲಸ ಬಿಡಬೇಡಿ" ಅಂತ ನಾನು ಹೇಳುವುದಿಲ್ಲ. ಆದರೆ ಈ ತಿಂಗಳು ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಇದೇ ಥರದ ಪತ್ರಗಳು ತುಂಬಾ ಬರುತ್ತಿವೆ.

ನೀವು ಪತ್ರದಲ್ಲಿ ಕೊಟ್ಟ ಲೆಕ್ಕವನ್ನು, ನಿಮ್ಮ ಗುರುತು ಸಿಗದ ಹಾಗೆ, ಮನೆಯ ತಿಂಗಳ ಖರ್ಚು 100 ಅಂತ ಇಟ್ಟುಕೊಂಡು ಬರೆಯುತ್ತೇನೆ. ಸಾಲದ ಕಂತೂ ಅದರಲ್ಲೇ ಸೇರಿದೆ. ಹಾಗೆ ನೋಡಿದರೆ ನಿಮ್ಮ ಸಂಬಳ 60, ಪತಿಯದು 55. ತಿಂಗಳಿಗೆ 15 ಉಳಿಯುತ್ತದೆ. ಕೋರ್ಸ್‌ನ ಶುಲ್ಕ ಒಟ್ಟು 400, ಅಂದರೆ ನಾಲ್ಕು ತಿಂಗಳ ಖರ್ಚಿನಷ್ಟು. ನೀವು ಸಾಲ ಕೇಳಬೇಕು ಅಂದುಕೊಂಡಿರುವುದು ಈ 400ಕ್ಕೆ.

ಇಲ್ಲೇ ಎಲ್ಲರೂ ಎಡವುವುದು. ಶುಲ್ಕಕ್ಕೆ ರಸೀದಿ ಸಿಗುತ್ತದೆ, ಅದಕ್ಕೇ ಅದು ಕಣ್ಣಿಗೆ ಕಾಣುತ್ತದೆ. ಬಾರದೇ ಹೋದ ಸಂಬಳಕ್ಕೆ ರಸೀದಿ ಇಲ್ಲ. ನೀವು ಕೆಲಸ ಬಿಟ್ಟ ದಿನದಿಂದ ತಿಂಗಳಿಗೆ 45 ಕಡಿಮೆ ಬೀಳುತ್ತದೆ. ಓದಿಗೆ 24 ತಿಂಗಳು, ಆಮೇಲೆ ಕೆಲಸ ಹುಡುಕುವುದಕ್ಕೆ ಒಂದು 6 ತಿಂಗಳು ಅಂತ ಇಟ್ಟುಕೊಳ್ಳಿ. 30 ತಿಂಗಳಿಗೆ 1350. ಶುಲ್ಕ ಸೇರಿದರೆ 1750. ಅಂದರೆ ನೀವು ಖರ್ಚು ಅಂದುಕೊಂಡಿದ್ದು ನಿಜವಾದ ಖರ್ಚಿನ ಕಾಲು ಭಾಗವೂ ಅಲ್ಲ. ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಸ್ 1960ರ ಆಸುಪಾಸಿನಲ್ಲೇ ಇದನ್ನು ಒತ್ತಿ ಹೇಳಿದ್ದರು: ಓದಿನ ಖರ್ಚು ಅಂದರೆ ಫೀಸು ಮಾತ್ರ ಅಲ್ಲ, ಓದುವಾಗ ಬಿಟ್ಟುಕೊಟ್ಟ ದುಡಿಮೆಯೂ ಅದರಲ್ಲಿ ಸೇರಬೇಕು. ನಾನು ವೃತ್ತಿ ಬದಲಿಸಿದಾಗ ಈ ಮಾತು ನನಗೆ ಗೊತ್ತಿರಲಿಲ್ಲ, ಶುಲ್ಕ ಮಾತ್ರ ಲೆಕ್ಕ ಹಾಕಿದ್ದೆ. ಎಂಟನೇ ತಿಂಗಳಿಗೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಆ ತಿಂಗಳುಗಳು ನಿಮಗೆ ಬರಬಾರದು.

ಈಗ ಆ 1750 ಪೂರ್ತಿ ಮನೆಯ ಮೇಲೆ ಸಾಲ ಮಾಡಿದಿರಿ ಅನ್ನೋಣ. ಉಳಿತಾಯದ 300ನ್ನು ನೀವು ಮುಟ್ಟಬಾರದು, ಅದು ಆಪತ್ತಿಗೆ. ಲೆಕ್ಕಕ್ಕೆ ಬಡ್ಡಿ ವರ್ಷಕ್ಕೆ ಶೇ. 9 ಅಂತ ಹಿಡಿಯುತ್ತೇನೆ, ನಿಮ್ಮ ಬ್ಯಾಂಕಿನ ದರ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ಬೇಕಾದಷ್ಟನ್ನೇ ಆಗಾಗ ತೆಗೆದುಕೊಂಡರೂ 30 ತಿಂಗಳು ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ ಸಾಲ ಸುಮಾರು 1990 ಆಗಿರುತ್ತದೆ. ಹೊಸ ಕೆಲಸದಲ್ಲಿ ಮೊದಲ ಸಂಬಳ 40 ಇರಬಹುದು ಅಂತ ನೀವೇ ಬರೆದಿದ್ದೀರಿ. 40ಕ್ಕೆ ಪತಿಯ 55 ಸೇರಿದರೆ 95. ಖರ್ಚು 100. ಹೊಸ ಸಾಲ ತೀರಿಸೋದು ಹಾಗಿರಲಿ, ತಿಂಗಳ ಖರ್ಚಿಗೇ 5 ಸಾಲದು.

ನಿದ್ದೆ ಬರದಿರುವುದಕ್ಕೆ ಕಾರಣ ಇದೇ. ಲೆಕ್ಕ ಬರೆದಿರದಿದ್ದರೂ ಮನಸ್ಸಿಗೆ ಗೊತ್ತಾಗಿದೆ.

ಹಾಗಾದರೆ ಆಸೆ ಬಿಡಬೇಕಾ? ಬೇಡ. ಇದೇ ಲೆಕ್ಕವನ್ನು ಒಂದು ವರ್ಷ ತಡವಾಗಿ ಶುರು ಮಾಡಿ ನೋಡಿ. ಈ ಒಂದು ವರ್ಷ ಕೆಲಸದಲ್ಲೇ ಇರಿ, ಆದರೆ ಆಗಲೇ ಬಿಟ್ಟವರ ಹಾಗೆ ಬದುಕಿ. ಖರ್ಚು 100ರಿಂದ 90ಕ್ಕೆ ಇಳಿಸಿ. ಖಾಲಿ ಇರುವ ಕೋಣೆಯನ್ನು ಬಾಡಿಗೆಗೆ ಕೊಡಲು ಆಗುತ್ತದೆ ಅಂತ ಬರೆದಿದ್ದೀರಿ, ಅದರಿಂದ 10 ಬಂದರೆ, ಮೊದಲೇ ಉಳಿಯುತ್ತಿದ್ದ 15 ಸೇರಿ ತಿಂಗಳಿಗೆ 35 ಉಳಿಯುತ್ತದೆ. ವರ್ಷಕ್ಕೆ 420. ನಿಮ್ಮ ಶುಲ್ಕ ಪೂರ್ತಿ ಬಂತಲ್ಲ! ಆಮೇಲೆ ಕೆಲಸ ಬಿಟ್ಟಾಗ ತಿಂಗಳ ಕೊರತೆ 45 ಅಲ್ಲ, 25. ಮೂವತ್ತು ತಿಂಗಳಿಗೆ 750. ಅದಕ್ಕೆ ಶುಲ್ಕದ 400 ಸೇರಿಸಿ, ಉಳಿಸಿದ 420 ಕಳೆದರೆ ಸಾಲ ಮಾಡಬೇಕಾದ್ದು 730. ಮೊದಲು 1750 ಇತ್ತು, ನೆನಪಿಡಿ. ಓದು ಮುಗಿದು ಕೆಲಸ ಸಿಕ್ಕ ಮೇಲೆ ನಿಮ್ಮ 40, ಪತಿಯ 55, ಬಾಡಿಗೆ 10, ಒಟ್ಟು 105. ಖರ್ಚು 90. ತಿಂಗಳಿಗೆ 15 ಸಾಲಕ್ಕೆ ಕಟ್ಟಬಹುದು. ಓದುವಾಗ ಬೆಳೆದ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕಿದೆ, 6 ವರ್ಷದೊಳಗೆ ತೀರುತ್ತದೆ. ಇದೇ 15ನ್ನು ಆ 1990ರ ಸಾಲಕ್ಕೆ ಕಟ್ಟಿದ್ದರೆ? ಅದರ ಬಡ್ಡಿಯೇ ತಿಂಗಳಿಗೆ 14.9. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತದೆ, ಅಸಲು ಅಲ್ಲಾಡುವುದೇ ಇಲ್ಲ.

ಒಂದು ವರ್ಷದ ಕಾಯುವಿಕೆ ಮಾಡುವ ಕೆಲಸ ಇದು. ಇನ್ನೊಂದು ಲಾಭವೂ ಇದೆ. 90ರಲ್ಲಿ ಬದುಕಲು ನಿಮಗೆ ಆಗುತ್ತದಾ ಇಲ್ವಾ ಅಂತ, ಸಂಬಳ ಬರುತ್ತಿರುವಾಗಲೇ ಗೊತ್ತಾಗುತ್ತದೆ. ಆಗದಿದ್ದರೆ ಏನೂ ಕಳೆದುಕೊಂಡಿರುವುದಿಲ್ಲ.

ಇನ್ನು ಮನೆಯ ವಿಷಯ. ಬೆಲೆ ಏರಿದೆ ಅನ್ನುವುದನ್ನು ದುಡ್ಡು ಬಂದಿದೆ ಅಂತ ಓದಬೇಡಿ. 5 ವರ್ಷ ಕಂತು ಕಟ್ಟಿದ್ದೀರಿ, ಸಾಲ ತುಂಬಾ ಇಳಿದಿರಬೇಕು ಅಂತ ಅನ್ನಿಸುವುದು ಸಹಜ. ಶೇ. 9ರ ಬಡ್ಡಿಗೆ 20 ವರ್ಷದ ಸಾಲ ಇದ್ದರೆ ಪ್ರತಿ 1 ಲಕ್ಷಕ್ಕೆ ತಿಂಗಳ ಕಂತು ಸುಮಾರು 900. ಐದು ವರ್ಷದಲ್ಲಿ ಸುಮಾರು 54,000 ಕಟ್ಟಿರುತ್ತೀರಿ. ಅಸಲು ಇಳಿದಿರುವುದು 11,300 ಮಾತ್ರ! ಇನ್ನೂ 88,700 ಬಾಕಿ. ಸರಿಯಾಗಿ ಅರ್ಧ ಅವಧಿ, 10 ವರ್ಷ, ಮುಗಿದಾಗಲೂ 71,000 ಬಾಕಿ ಇರುತ್ತದೆ. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯದೇ ಜಾಸ್ತಿ ಪಾಲು, ಅದಕ್ಕೆ. ಬ್ಯಾಂಕು ಮನೆಯ ಪೂರ್ತಿ ಬೆಲೆಗೆ ಸಾಲ ಕೊಡುವುದೂ ಇಲ್ಲ, ತನ್ನ ರಕ್ಷಣೆಗೆ ಒಂದು ಪಾಲು ಬಿಟ್ಟು, ಅದರಲ್ಲಿ ಹಳೇ ಬಾಕಿ ಕಳೆದು, ಉಳಿದದ್ದಕ್ಕೆ ಮಾತ್ರ ಕೊಡುತ್ತದೆ. ಹಾಗಾಗಿ ಮೊದಲು ಬ್ಯಾಂಕಿನಿಂದ ಬಾಕಿಯ ಪಟ್ಟಿ ತರಿಸಿಕೊಳ್ಳಿ, ಆಮೇಲೆ ಕನಸು ಅಳೆಯಿರಿ.

ಆ 730ಕ್ಕೆ ಯಾವ ಥರದ ಸಾಲ? ಒಂದೇ ಸಲ ಎಲ್ಲ ಕೈಗೆ ಬರುವ ಟಾಪ್-ಅಪ್ ಸಾಲ ಒಂದಿದೆ. ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳುವ ಓವರ್‌ಡ್ರಾಫ್ಟ್ ಇನ್ನೊಂದು. ನಿಮ್ಮ ಕೊರತೆ ತಿಂಗಳು ತಿಂಗಳು ಬರುವಂಥದ್ದು, ಅದಕ್ಕೆ ಎರಡನೆಯದೇ ಸರಿ. ನಿಮ್ಮ ಲೆಕ್ಕ ಪಕ್ಕಕ್ಕಿಟ್ಟು ಬರೀ ಉದಾಹರಣೆಗೆ ನೋಡಿ: ಅದೇ ಶೇ. 9ರ ಬಡ್ಡಿಗೆ ತಿಂಗಳಿಗೆ 100ರಂತೆ 24 ತಿಂಗಳು ತೆಗೆದರೆ ಎರಡು ವರ್ಷದಲ್ಲಿ ಬಡ್ಡಿ ಸುಮಾರು 220 ಕೂಡುತ್ತದೆ. ಅದೇ 2400ನ್ನು ಮೊದಲ ದಿನವೇ ತೆಗೆದುಕೊಂಡರೆ 470. ಎರಡು ಪಟ್ಟಿಗೂ ಜಾಸ್ತಿ. ಕೈಯಲ್ಲಿ ದುಡ್ಡು ರಾಶಿ ಇದ್ದರೆ ಬೇರೆ ಬೇರೆ ಖರ್ಚು ಹುಟ್ಟಿಕೊಳ್ಳುವುದು ಬೇರೆ. ಓವರ್‌ಡ್ರಾಫ್ಟ್‌ಗೆ ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ಬಳಸದೆ ಇಟ್ಟ ಮಿತಿಯನ್ನು ಬ್ಯಾಂಕು ವಾಪಸ್ ತೆಗೆದುಕೊಳ್ಳಬಹುದು. 2008ರಲ್ಲಿ ಅಮೆರಿಕದಲ್ಲಿ ಮನೆ ಬೆಲೆ ಬೀಳುತ್ತಿದ್ದಾಗ ಬ್ಯಾಂಕುಗಳು ಎಷ್ಟೋ ಜನರ ಇಂಥ ಮಿತಿಗಳನ್ನು ತಡೆಹಿಡಿದವು, ಇಲ್ಲವೇ ಕಡಿಮೆ ಮಾಡಿದವು. ಆ ದುಡ್ಡನ್ನೇ ನಂಬಿ ಕೂತವರು ಮಧ್ಯದಲ್ಲಿ ಸಿಕ್ಕಿಬಿದ್ದರು. ಅದಕ್ಕೇ ನಿಮ್ಮ 300 ಮುಟ್ಟಬೇಡಿ ಅಂದಿದ್ದು.

ಸಾಲದ ಅರ್ಜಿ ಯಾವಾಗ? ಸಂಬಳ ಇರುವಾಗ. ಮನೆ ಅಡವಿದ್ದರೂ ಬ್ಯಾಂಕು ನೋಡುವುದು ಕಂತು ಕಟ್ಟುವ ಶಕ್ತಿಯನ್ನು. ರಾಜೀನಾಮೆ ಕೊಟ್ಟ ಮೇಲೆ ಕೇಳುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಹಾಗಂತ ಸುಳ್ಳು ಬರೆಯಬೇಡಿ. ಆದಾಯದಲ್ಲಿ ಬದಲಾವಣೆ ಆಗಲಿದೆಯಾ ಅಂತ ಅರ್ಜಿಯಲ್ಲಿ ಕೇಳಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪತಿಯ ಸಂಬಳ, ಬಾಡಿಗೆ, ಒಂದು ವರ್ಷದ ಉಳಿತಾಯದ ದಾಖಲೆ, ಕೋರ್ಸ್‌ನ ಪ್ರವೇಶ ಪತ್ರ, ಇವೆಲ್ಲ ಮುಂದಿಟ್ಟು ಕೇಳಿ. ಒಪ್ಪದಿದ್ದರೆ ಇನ್ನೊಂದು ಕಡೆ ಕೇಳಿ. ಮುಚ್ಚಿಟ್ಟು ತೆಗೆದ ಸಾಲ ಮುಂದೆ ಕಷ್ಟದಲ್ಲಿ ಅದೇ ಬ್ಯಾಂಕಿನ ಮುಂದೆ ಹೋಗಿ ನಿಲ್ಲುವ ದಾರಿಯನ್ನೇ ಮುಚ್ಚುತ್ತದೆ.

ಇನ್ನೆರಡು ಮಾತು, ಬೇಗ ಹೇಳುತ್ತೇನೆ. ಕಚೇರಿ ಕೊಟ್ಟಿರುವ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುವುದಾದರೆ, ಬಿಡುವ ಮೊದಲೇ ಬೇರೆ ವಿಮೆ ಮಾಡಿಸಿ, ಅದರ ಖರ್ಚನ್ನು ಆ 90ರ ಒಳಗೇ ಸೇರಿಸಿ. ಮತ್ತೆ, ಸರ್ಕಾರದ ನೆರವು ಇದೆಯಾ ಅಂತ ವಿಚಾರಿಸಿ, ದೊಡ್ಡವರ ಓದಿಗೆ ಏನೂ ಸಿಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಸಿಂಗಾಪುರದಲ್ಲಿ 25 ವರ್ಷ ದಾಟಿದ ಪ್ರಜೆಗಳಿಗೆ ಹೊಸದು ಕಲಿಯಲೆಂದೇ 500 ಸಿಂಗಾಪುರ ಡಾಲರ್‌ನಷ್ಟು ಕ್ರೆಡಿಟ್ (ಕೋರ್ಸ್ ಶುಲ್ಕಕ್ಕೆ ಬಳಸುವ ನೆರವು, ಸಾಲ ಅಲ್ಲ) ಕೊಡುವ ಯೋಜನೆ ಬಂತು. ಸ್ವೀಡನ್ 2022ರಲ್ಲಿ ಕಾನೂನು ಮಾಡಿ, ವರ್ಷಗಟ್ಟಲೆ ದುಡಿದವರು ಮತ್ತೆ ಓದಲು ಹೋದರೆ ಬದುಕಿನ ಖರ್ಚಿಗೆ ನೆರವು ಸಿಗುವ ಹಾಗೆ ಮಾಡಿತು. ನೀವಿರುವಲ್ಲಿ ಇಷ್ಟು ದೊಡ್ಡದು ಇರದೇ ಇರಬಹುದು, ಶುಲ್ಕದಲ್ಲಿ ರಿಯಾಯಿತಿಯೋ ವಿದ್ಯಾರ್ಥಿ ವೇತನವೋ ಇದ್ದರೂ ಸಾಲ ಅಷ್ಟು ಕಡಿಮೆ.

ನಿಮ್ಮ ಹಳೇ ಕೆಲಸವನ್ನೂ ಮರೆಯಬೇಡಿ. ಲೆಕ್ಕಪತ್ರ ಬಲ್ಲವರಿಗೆ ಓದುವಾಗಲೂ ವಾರಕ್ಕೆ ಒಂದು ದಿನದ ಕೆಲಸ ಸಿಗುತ್ತದೆ. ಅದರಿಂದ ತಿಂಗಳಿಗೆ 10 ಬಂದರೂ 30 ತಿಂಗಳಿಗೆ 300 ಆಯಿತು, ಆಗ ಸಾಲ 430ಕ್ಕೆ ಇಳಿಯುತ್ತದೆ. ಮನೆಗಿಂತ ಒಳ್ಳೆಯ ಆಸ್ತಿ ಇದು, ಅಡವಿಡುವ ಅಗತ್ಯವೇ ಇಲ್ಲ.

ಪ್ರಶ್ನೆ: ನನಗೆ 52. ಮನೆಯ ಸಾಲ ತೀರಿದೆ. ಬೇರೆ ಉಳಿತಾಯ ಹೆಚ್ಚೇನೂ ಇಲ್ಲ. ಕಾರ್ಖಾನೆಯ ಕೆಲಸ ಬಿಟ್ಟು ಪೀಠೋಪಕರಣ ಮಾಡುವ ಕೆಲಸ ಕಲಿತು ಅದರಲ್ಲೇ ಬದುಕಬೇಕು ಅಂತಿದ್ದೇನೆ. ಮನೆ ಮಾರಿ ಬಾಡಿಗೆ ಮನೆಗೆ ಹೋಗಿಬಿಡಲಾ? ರಿವರ್ಸ್ ಮಾರ್ಟ್‌ಗೇಜ್ ಅಂತ ಒಂದಿದೆಯಂತೆ, ಅದು ಆಗುತ್ತದಾ?

ಉತ್ತರ: ರಿವರ್ಸ್ ಮಾರ್ಟ್‌ಗೇಜ್ ನಿಮಗಲ್ಲ. ಅದು ವಯಸ್ಸಾದವರು ಸ್ವಂತ ಮನೆಯನ್ನು ಅಡವಿಟ್ಟು, ಅಲ್ಲೇ ಇದ್ದುಕೊಂಡು ಬ್ಯಾಂಕಿನಿಂದ ಹಣ ಪಡೆಯುವ ವ್ಯವಸ್ಥೆ. ಭಾರತದಲ್ಲಿ 60 ದಾಟಿರಬೇಕು, ಅಮೆರಿಕದ ಸರ್ಕಾರಿ ವಿಮೆ ಇರುವ ಯೋಜನೆಯಲ್ಲಿ 62. ಬಡ್ಡಿ ಮೇಲೆ ಬಡ್ಡಿ ಬೆಳೆದು ಕೊನೆಗೆ ಮನೆಯಿಂದಲೇ ತೀರುವ ಸಾಲ ಅದು.

ಮನೆ ಮಾರುವುದು ಕೊನೆಯ ಹೆಜ್ಜೆ ಆಗಿರಲಿ. ಒಮ್ಮೆ ಮಾರಿದರೆ ದಲ್ಲಾಳಿಗೆ ಒಂದಿಷ್ಟು, ತೆರಿಗೆಗೆ ಒಂದಿಷ್ಟು, ಮನೆ ಬದಲಿಸುವುದಕ್ಕೆ ಒಂದಿಷ್ಟು ಹೋಗುತ್ತದೆ, ಉಳಿದದ್ದರಲ್ಲಿ ತಿಂಗಳ ಬಾಡಿಗೆ ಕಟ್ಟುತ್ತಾ ಹೋಗಬೇಕು, ನಾಳೆ ಮನಸ್ಸು ಬದಲಾದರೆ ಅದೇ ಮನೆ ಅದೇ ಬೆಲೆಗೆ ವಾಪಸ್ ಸಿಗುವುದಿಲ್ಲ. ಮಾರುವ ಬದಲು ಮನೆಯನ್ನು ಎರಡು ವರ್ಷಕ್ಕೆ ಬಾಡಿಗೆಗೆ ಕೊಟ್ಟು ನೀವು ಚಿಕ್ಕ ಮನೆಯಲ್ಲಿ ಬಾಡಿಗೆಗೆ ಇರಿ. ಎರಡೂ ಬಾಡಿಗೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಸಂಬಳ ಅಂದುಕೊಳ್ಳಿ. ಸಾಲ ಇಲ್ಲದ ಮನೆಯ ಬಲ ಇದು, ಕಂತಿನ ಭಯ ಇಲ್ಲದೆ ಬರುವ ಆದಾಯ. ಆ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಮಾತ್ರ ದೊಡ್ಡದನ್ನು ಮಾರಿ ಚಿಕ್ಕದನ್ನು ಕೊಳ್ಳುವ ಯೋಚನೆ ಮಾಡಿ. ಆಗಲೂ ಸ್ವಂತ ಸೂರು ಇರುತ್ತದೆ.

ಮತ್ತೆ, ಯಂತ್ರ, ಮಳಿಗೆ ಅಂತ ಮೊದಲ ದಿನವೇ ಖರ್ಚು ಮಾಡಬೇಡಿ. ಕೆಲಸದಲ್ಲಿರುವಾಗಲೇ ರಜೆಯ ದಿನಗಳಲ್ಲಿ ಯಾರದಾದರೂ ಕೈಕೆಳಗೆ ಕಲಿಯಿರಿ, ಉಪಕರಣ ಬಾಡಿಗೆಗೆ ಪಡೆದು ಹತ್ತು ಆರ್ಡರ್ ಮಾಡಿಕೊಡಿ. ಮರದ ಖರ್ಚು, ನಿಮ್ಮ ಗಂಟೆಗಳು, ಬಂದ ಹಣ, ಮೂರನ್ನೂ ಬರೆದಿಡಿ. ಗಂಟೆಗೆ ಎಷ್ಟು ಉಳಿಯಿತು ಅಂತ ಆ ಪುಸ್ತಕವೇ ಹೇಳುತ್ತದೆ. ಅದು ಹೇಳುವವರೆಗೆ ಮನೆಯ ಪತ್ರ ಯಾರ ಕೈಗೂ ಕೊಡಬೇಡಿ.

ಪ್ರಶ್ನೆ: ನಾನು ಆಗಲೇ ಕೆಲಸ ಬಿಟ್ಟಾಗಿದೆ. ಕೋರ್ಸ್ ಸೇರಿ ನಾಲ್ಕು ತಿಂಗಳಾಯಿತು, ಇನ್ನೂ ಎಂಟು ತಿಂಗಳಿದೆ. ಬ್ಯಾಂಕು ಟಾಪ್-ಅಪ್ ಕೊಡಲ್ಲ ಅಂದಿತು. ಮನೆ ಸಾಲದ ಇನ್ನು ಎರಡು ಕಂತಿಗೆ ಮಾತ್ರ ದುಡ್ಡಿದೆ. ತುಂಬಾ ಭಯವಾಗಿದೆ.

ಉತ್ತರ: ಎರಡು ಕಂತು ಕೈಯಲ್ಲಿದೆ ಅಂದರೆ ಎರಡು ತಿಂಗಳ ಸಮಯ ಇದೆ. ಅದನ್ನು ಇವತ್ತಿನಿಂದಲೇ ಬಳಸಿ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ, ನೇರವಾಗಿ ಹೇಳಿ: ಇಂಥ ದಿನ ಓದು ಮುಗಿಯುತ್ತದೆ, ಅಲ್ಲಿಯವರೆಗೆ ಕಂತು ಇಳಿಸಿಕೊಡಿ. ತಪ್ಪಿದ ಮೇಲೆ ಹೋಗುವವರಿಗೂ ಮೊದಲೇ ಹೋಗುವವರಿಗೂ ಸಿಗುವ ಮಾತು ಬೇರೆ ಬೇರೆ. ಇದು ನಾನು ನೋಡಿ ಹೇಳುತ್ತಿರುವುದು.

ಕೇಳಬೇಕಾದ್ದು ಮೂರು. ಒಂದಷ್ಟು ತಿಂಗಳು ಬಡ್ಡಿ ಮಾತ್ರ ಕಟ್ಟಲು ಬಿಡುತ್ತೀರಾ? ಅವಧಿ ಉದ್ದ ಮಾಡುತ್ತೀರಾ? ಅದೂ ಆಗದಿದ್ದರೆ ಕಂತಿಗೆ ವಿರಾಮ ಕೊಡುತ್ತೀರಾ? ಮೊದಲನೆಯದು ಅಗ್ಗ, ಅದನ್ನೇ ಮೊದಲು ಕೇಳಿ. ವಿರಾಮ ಅಂದರೆ ಬಡ್ಡಿ ನಿಲ್ಲುವುದಿಲ್ಲ, ಅಸಲಿಗೆ ಸೇರುತ್ತಾ ಹೋಗುತ್ತದೆ. ಮೊದಲ ಉತ್ತರದಲ್ಲಿ ಹೇಳಿದ 1 ಲಕ್ಷದ ಸಾಲವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಶೇ. 9ರಲ್ಲಿ ಅದರ 88,700ರ ಬಾಕಿ ಆರು ತಿಂಗಳಿಗೆ 92,800 ಆಗುತ್ತದೆ. ಅವಧಿ ಉದ್ದ ಮಾಡುವುದರಲ್ಲಿ ಮೋಸ ಹೋಗುವುದು ಸುಲಭ. ಅದೇ ಬಾಕಿಯನ್ನು 15 ವರ್ಷದ ಬದಲು 25 ವರ್ಷಕ್ಕೆ ಎಳೆದರೆ ಕಂತು 900ರಿಂದ 744ಕ್ಕೆ ಇಳಿಯುತ್ತದೆ, ತಿಂಗಳಿಗೆ 156ರ ನಿರಾಳ. ಆದರೆ ಕೊನೆಯವರೆಗೂ ಹಾಗೇ ಬಿಟ್ಟರೆ ಒಟ್ಟು 61,000ಕ್ಕೂ ಜಾಸ್ತಿ ಹೆಚ್ಚುವರಿ ಬಡ್ಡಿ ಕಟ್ಟುತ್ತೀರಿ. ಮಾಡಿಸಿಕೊಳ್ಳಿ, ತಪ್ಪಿಲ್ಲ, ಆದರೆ ಕೆಲಸ ಸಿಕ್ಕ ತಿಂಗಳೇ ಕಂತನ್ನು ಹಳೇ ಮಟ್ಟಕ್ಕೆ ಏರಿಸಲು ಅವಕಾಶ ಇದೆಯಾ, ದಂಡ ಏನಾದರೂ ಇದೆಯಾ ಅಂತ ಈಗಲೇ ಬರವಣಿಗೆಯಲ್ಲಿ ಪಡೆಯಿರಿ.

ಕ್ರೆಡಿಟ್ ಕಾರ್ಡ್‌ನಿಂದ ಮನೆ ಕಂತು ಕಟ್ಟಬೇಡಿ. ಕಡಿಮೆ ಬಡ್ಡಿಯ ಸಾಲ ತೀರಿಸಲು ಅದರ ಎಷ್ಟೋ ಪಟ್ಟು ಬಡ್ಡಿಯ ಸಾಲ ಮಾಡಿದ ಹಾಗೆ. ಹಳೇ ವೃತ್ತಿಯ ಪರಿಚಯದವರಿಗೆ ಫೋನ್ ಮಾಡಿ, ವಾರಕ್ಕೆ ಎರಡು ದಿನದ ಕೆಲಸ ಕೇಳಿ. ವಾಪಸ್ ಹೋದ ಹಾಗೆ ಅನ್ನಿಸಿ ಮುಜುಗರ ಆಗಬಹುದು, ಆದರೆ ನೀವು ಹೋಗುತ್ತಿರುವುದು ಓದು ಮುಗಿಸಲಿಕ್ಕೆ. ಕೋರ್ಸ್ ನಡೆಸುವವರ ಬಳಿ ಉಳಿದ ಶುಲ್ಕಕ್ಕೆ ಕಂತು ಕೇಳಿ, ಒಂದು ಅವಧಿ ಬಿಟ್ಟು ಮುಂದುವರಿಸಬಹುದಾ ಅಂತಲೂ ಕೇಳಿ. ನಾಲ್ಕು ತಿಂಗಳು ನಿಂತರೆ ಓದು ಹಾಳಾಗಲ್ಲ. ಮನೆಯಲ್ಲಿರುವವರಿಗೆ ಎಲ್ಲ ಹೇಳಿದ್ದೀರಾ? ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ಹೇಳಿಲ್ಲ ಅಂದರೆ ಬ್ಯಾಂಕಿಗೆ ಹೋಗುವ ಮೊದಲು ಅದನ್ನು ಮಾಡಿ, ಇವತ್ತು ರಾತ್ರಿಯೇ.

ಪ್ರಶ್ನೆ: ನಿವೃತ್ತಿಗೆ ಅಂತ ಕೂಡಿಟ್ಟ ಹಣ ತೆಗೆದು ಹೊಸ ವೃತ್ತಿಗೆ ಹಾಕಬಹುದಾ? ಮನೆಯನ್ನು ಅಡವಿಡುವುದಕ್ಕಿಂತ ಅದೇ ವಾಸಿ ಅಲ್ವಾ?

ಉತ್ತರ: ಸಾಲ ಇಲ್ಲ, ಬಡ್ಡಿ ಇಲ್ಲ ಅಂತ ಹಗುರ ಅನ್ನಿಸುತ್ತದೆ. ಆದರೆ ಆ ಹಣ ಬೆಳೆಯುತ್ತಿತ್ತು ಅನ್ನುವುದನ್ನು ಮರೆಯಬಾರದು. ವರ್ಷಕ್ಕೆ ಶೇ. 8ರಂತೆ ಬೆಳೆದರೆ 9 ವರ್ಷಕ್ಕೆ ಎರಡು ಪಟ್ಟು, 18 ವರ್ಷಕ್ಕೆ ನಾಲ್ಕು ಪಟ್ಟು ಆಗುತ್ತದೆ. ಇವತ್ತು ತೆಗೆದ 1 ಲಕ್ಷ ಆಗ 4 ಲಕ್ಷ ಆಗಬೇಕಿತ್ತು. ಅವಧಿಗೆ ಮೊದಲು ತೆಗೆದರೆ ತೆರಿಗೆಯೋ ದಂಡವೋ ಬೀಳಬಹುದು. ಇನ್ನೊಂದು ಕಡೆ, ಮನೆ ಅಡವಿಟ್ಟು ಕಂತು ತಪ್ಪಿದರೆ ಸೂರೇ ಹೋಗುತ್ತದೆ, ನಿವೃತ್ತಿಯ ಹಣ ಹೋದರೆ ಹಾಗಾಗುವುದಿಲ್ಲ. ಹಾಗಾಗಿ ನಿಮ್ಮ ಮಾತಲ್ಲೂ ಅರ್ಥ ಇದೆ. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆಗಿದ್ದರೆ, ಮನೆ ಅಡವಿಡುವ ಮೊದಲು ಈ ಹಣದಲ್ಲಿ ಒಂದು ಚಿಕ್ಕ ಪಾಲನ್ನು, ಶುಲ್ಕಕ್ಕೆ ಮಾತ್ರ, ತೆಗೆಯುವುದನ್ನು ನಾನು ಒಪ್ಪುತ್ತೇನೆ. ತಿಂಗಳ ಖರ್ಚಿಗೆ ಬೇಡ. ಇನ್ನೊಬ್ಬರ ಸಂಬಳ ಇದ್ದರೆ ಅದನ್ನು ಮುಟ್ಟದೆ, ಮೇಲೆ ಹೇಳಿದ ಹಾಗೆ ಒಂದು ವರ್ಷ ತಡ ಮಾಡಿ, ಸಾಲವನ್ನು ಚಿಕ್ಕದು ಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಮಾಡಲು ಮಾತ್ರ ಹೋಗಬೇಡಿ. ನಿಮ್ಮ ವಯಸ್ಸು ಬರೆದಿಲ್ಲ, ದುಡಿಯುವವರು ಎಷ್ಟು ಜನ ಅಂತಲೂ ಬರೆದಿಲ್ಲ. ಇನ್ನೊಮ್ಮೆ ಬರೆದರೆ ಲೆಕ್ಕ ಹಾಕಿ ಹೇಳುತ್ತೇನೆ.